ಫೈಲುಗಳ ಮನೆ ಬದಲಿಸಿದ ವಾರ

ವಿಂಡೋಸ್‌ನಲ್ಲಿ ನಮ್ಮ ಆ್ಯಪ್ ಬಿಲ್ಡ್ ಆಗಿ, ಅಂದರೆ ಓಡಲು ಸಿದ್ಧವಾಗಿ, ಮ್ಯಾಕ್‌ನಲ್ಲಿ ಕೈಕೊಡಬಹುದಿತ್ತು. ಎರಡರಲ್ಲೂ ಆಗಿ, ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ತೆರೆಯುತ್ತಲೇ ಮುಚ್ಚಿಕೊಳ್ಳಬಹುದಿತ್ತು. ಒಂದು ಫೈಲ್ ಹಳೆಯ ಫೋಲ್ಡರಿನಲ್ಲೇ ಉಳಿದು, ನನ್ನ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲ ಸರಿಯಾಗಿ ಕಾಣಬಹುದಿತ್ತು. ಅಟ್ಲಾಂಟಾ ಬಳಿಯ ಕಮ್ಮಿಂಗ್‌ನ ನಮ್ಮ ಬಡಾವಣೆಯಲ್ಲಿ ಹೊಸ ಮನೆಗೆಂದು ನೆಲ ಅಗೆಯುವವರು ಇಂಟರ್ನೆಟ್ ಕೇಬಲ್ ಕತ್ತರಿಸಬಹುದಿತ್ತು. ಪಟ್ಟಿ ಕೇಳಿದ ಹೆಂಡತಿ ಕಾಫಿ ಲೋಟ ಇಡುತ್ತಾ, “ನಿಮಗೆ ಹಾರ್ಟ್ ಅಟ್ಯಾಕ್ ಆಗೋದನ್ನ ಸೇರಿಸ್ಲಿಲ್ವಾ?” ಎಂದಳು. ಸೇರಿಸಿದ್ದೆ.

ಕೆಲಸವೇನೂ ದೊಡ್ಡದಲ್ಲ. ನಮ್ಮದು ಕಿವಿ ಪರೀಕ್ಷೆ ಮಾಡುವ ಆ್ಯಪ್. ಕಂಪ್ಯೂಟರು, ಫೋನು ಎಲ್ಲದರಲ್ಲೂ ಓಡಬೇಕು. ಅದರಲ್ಲಿ ಶಬ್ದ ಹೊರಡಿಸುವ ಭಾಗ, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಲೈಬ್ರರಿ ಎಂಬ ಕೋಡಿನ ಕಂತೆ, ಮದುವೆಮನೆ ಬಾಗಿಲ ಚಪ್ಪಲಿಗಳಂತೆ ಒಂದೇ ಫೋಲ್ಡರಿನಲ್ಲಿ ಬಿದ್ದಿತ್ತು. ಎಲ್ಲಕ್ಕೂ ಬೇಕಾದ ಫೈಲುಗಳನ್ನು ಒಂದೆಡೆ, ವಿಂಡೋಸ್, ಮ್ಯಾಕ್, ಫೋನುಗಳಿಗೆ ಮಾತ್ರ ಬೇಕಾದವನ್ನು ಅವವುಗಳ ಕೋಣೆಯಲ್ಲಿ ಇಡಬೇಕು, ಅಷ್ಟೇ.

ಆ ಲೈಬ್ರರಿಯನ್ನು ಬರೆದವರು ಉಡುಪಿ ಕಡೆಯ ಹಿರಿಯರು, ಪಕ್ಕದ ರಾಜ್ಯದ ಕೊಲಂಬಿಯಾ ಊರಿನಲ್ಲಿದ್ದುಕೊಂಡು ಕೆಲಸ ಮಾಡುತ್ತಿದ್ದರು. ಶುಕ್ರವಾರಕ್ಕೆ ನಿವೃತ್ತಿ, ಆಮೇಲೆ ಷಾರ್ಲಟ್‌ನಲ್ಲಿ ಮಗಳ ಮನೆ. ಅಲ್ಲಿಗೆ ಆಫೀಸಿನ ಫೋನ್ ಬರಕೂಡದು ಎನ್ನುವುದೊಂದೇ ಅವರ ಬೇಡಿಕೆ. ನನ್ನ ಭಯವೂ ಅಲ್ಲೇ ಇತ್ತು. ಆ ಕೋಡು ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ಅವರನ್ನು ಕೇಳುತ್ತಿದ್ದೆ. ಶುಕ್ರವಾರ ಕಳೆದರೆ ಉತ್ತರ ಹೇಳಬೇಕಾದವನು ನಾನೇ ಆಗಿಬಿಟ್ಟರೆ?

ಬಾಡಿಗೆ ಮನೆ ಬದಲಿಸಿದಾಗಲೂ ಇರಲಿ ಎಂದು ಹಳೆಯ ಮನೆಯ ಬಾಡಿಗೆ ಒಂದು ತಿಂಗಳು ಹೆಚ್ಚು ಕಟ್ಟಿದವನು ನಾನು. ಹಾಗಾಗಿ ಫೈಲುಗಳನ್ನು ನೇರವಾಗಿ ಸಾಗಿಸಲಿಲ್ಲ. ಮೊದಲು ಹೊಸ ಜಾಗಕ್ಕೆ ನಕಲು ಮಾಡಿದೆ, ಎಲ್ಲ ಕಡೆ ಓಡಿಸಿ ನೋಡಿದೆ, ಹಳೆಯವನ್ನು ಅಳಿಸುವ ಮುನ್ನ ಅವರಿಗೆ ಫೋನ್ ಮಾಡಿದೆ.

“ಸರ್, ಡಿಲೀಟ್ ಮಾಡ್ಲಾ?”

“ಮಾಡಿ ಮಾರಾಯ್ರೇ. ನಿನ್ನೆಯೂ ಇದನ್ನೇ ಕೇಳಿದ್ರಿ.”

ಅಳಿಸಿದೆ. ಏನೂ ಆಗಲಿಲ್ಲ. ವಿಂಡೋಸ್ ಸರಿ, ಮ್ಯಾಕ್ ಸರಿ, ಫೋನಿನಲ್ಲಿ ಆ್ಯಪ್ ತೆರೆದು ಪೀ ಎಂದು ಕೂಗಿತು. ಕೇಬಲ್ಲನ್ನು ಕೂಡ ಯಾರೂ ಕತ್ತರಿಸಲಿಲ್ಲ. ಶುಕ್ರವಾರದ ಹೊತ್ತಿಗೆ ಹೊಸ ಆವೃತ್ತಿ ಗ್ರಾಹಕರ ಕೈ ಸೇರಿತ್ತು, ನಾನು ಸ್ವಲ್ಪ ನಿರಾಶೆಯಲ್ಲಿದ್ದೆ.

ಅವತ್ತು ಮಧ್ಯಾಹ್ನ ವಿಡಿಯೊದಲ್ಲಿ ಅವರಿಗೆ ಬೀಳ್ಕೊಡುಗೆ ಮುಗಿದ ಮೇಲೆ ನಾವಿಬ್ಬರೇ ಉಳಿದೆವು. ನೆನಪಿಗೆಂದು ಅವರ ಕೋಡನ್ನು ಹೊಸ ಜಾಗದಿಂದ ಪರದೆಗೆ ತಂದೆ. ಪ್ರತಿ ಸಾಲಿನ ಪಕ್ಕ ಅದನ್ನು ಬರೆದವರ ಹೆಸರು ಬರುತ್ತದೆ. ಎಲ್ಲ ಸಾಲಿಗೂ ನನ್ನ ಹೆಸರು. ಫೈಲುಗಳನ್ನು ನೇರವಾಗಿ ಸಾಗಿಸಿದ್ದರೆ ಅವರ ಹೆಸರೂ ಜೊತೆಗೆ ಬರುತ್ತಿತ್ತು. ಜಾಗ್ರತೆಯಿಂದ ನಕಲು ಮಾಡಿದ್ದರಿಂದ ಅಷ್ಟೂ ಫೈಲುಗಳು ಈ ವಾರ ನನ್ನ ಕೈಯಲ್ಲೇ ಹುಟ್ಟಿದವೆಂದು ಲೆಕ್ಕವಾಗಿತ್ತು. ಹಿಂದಿನ ಇತಿಹಾಸ ಕೆದಕಿದರೆ ಅವರು ಸಿಗುತ್ತಾರೆ. ಅಷ್ಟು ಕೆದಕುವ ತಾಳ್ಮೆ ಯಾರಿಗಿದೆ? ತೊದಲುತ್ತಾ, ಸಂಜೆಯೊಳಗೆ ಸರಿ ಮಾಡುತ್ತೇನೆ ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಬೇಡ, ಹಾಗೇ ಇರ್ಲಿ. ಬರೆದದ್ದು ನಾನು ಅಂತ ನನಗೆ ಗೊತ್ತುಂಟಲ್ಲ. ಇನ್ನು ಫೋನ್ ಎಲ್ಲ ನಿಮಗೇ ಬರ್ತದೆ.” ಅಷ್ಟು ನೆಮ್ಮದಿಯಾಗಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ನಮ್ಮ ಅಟ್ಲಾಂಟಾ ಆಫೀಸಿನ ಹುಡುಗಿಯೊಬ್ಬಳು ಆ ಕೋಡಿನ ಒಂದು ಸಾಲು ತೋರಿಸಿ ಮೆಸೇಜ್ ಕಳಿಸಿದ್ದಳು: ಎಡಗಿವಿಯ ಶಬ್ದವನ್ನು ಇಲ್ಲಿ ಯಾಕೆ ಅರ್ಧಕ್ಕೆ ಇಳಿಸಿದ್ದೀರಿ?