ಅಂಚಿಲ್ಲದ ಎಲೆ

ಅಕ್ಕಾರ ಬಲಗೈ ಬೆರಳ ತುದಿಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಸೆರಗಿನ ಕೆಂಪು ನೂಲು ಹಿಡಿದು ಹಿಡಿದು ಅಂಟಿದ ಬಣ್ಣ ಅದು. ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಅವರನ್ನು ನೆನೆದಾಗೆಲ್ಲ ಆ ಬೆರಳುಗಳು ಹಿತ್ತಾಳೆ ಲೋಟವೊಂದನ್ನು ಹಿಡಿದು ಗೋಡೆಯ ಮೂಲೆಯ ಕುಂಡದ ಮುಂದೆ ನಿಂತಂತೆಯೇ ಕಾಣುತ್ತವೆ.

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಾಗ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಓಣಿಗೆಲ್ಲ ಅವರು ಅಕ್ಕಾರು, ನನಗೂ ಹಾಗೇ. ಒಳಗೆ ಅವರು, ಮದುವೆಯಾಗದ ಅವರ ತಂಗಿ, ನಡುಮನೆಯ ನೆಲ ತೋಡಿ ಹೂಡಿದ ಕುಣಿಮಗ್ಗ. ನೇಯುವುದು ಅಕ್ಕ. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ತಂಗಿ. ಇಬ್ಬರೂ ದಿನವಿಡೀ ಜಗಳಾಡುತ್ತಲೇ ಕೆಲಸ ಮಾಡುತ್ತಿದ್ದರು. ಜಗಳ ನಿಂತರೆ ಮಗ್ಗವೂ ನಿಂತಿದೆ ಎಂದೇ ಅರ್ಥ.

ಮೂಲೆಯ ಕುಂಡದ ಆ ಹಾವಿನ ಗಿಡವನ್ನು, ಪೇಟೆಯವರ ಸ್ನೇಕ್ ಪ್ಲಾಂಟನ್ನು, ತಂದದ್ದು ತಂಗಿ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ತರಲು ಇಳಿದವರು ಗಿಡ ಅಪ್ಪಿಕೊಂಡು ಹತ್ತಿದ್ದರಂತೆ.

"ತಿನ್ನೂದು ತಾ ಅಂದ್ರ ಹಾವು ತಂದಿಯಲ್ಲ," ಎಂದು ಅಕ್ಕಾರು ಬೈದಿದ್ದರು.

"ಅಕ್ಕಾ, ಛಂದಾಗಿ ನೋಡ ಇದನ್ನ. ಮೈ ಹಸರು, ನಡುವ ಗೆರಿ, ಎರಡೂ ಕಡೆ ಹಳದಿ ಅಂಚು. ನಾವು ನೇಯದ್ದು ಇದೊಂದ ಉಳದಿತ್ತು," ಎಂದಿದ್ದರು ತಂಗಿ.

ಅದೇ ವರ್ಷ ಜ್ವರ ಬಂದು ತಂಗಿ ತೀರಿಕೊಂಡರು. ಹೊದಿಸಲು ಹೊಸ ಸೀರೆಯೇ ಬೇಕೆಂದರು ಹಿರಿಯರು. ನೇಕಾರರ ಮನೆಯಲ್ಲಿ ಹೊಸ ಸೀರೆ ಇರಲಿಲ್ಲ. ಮುಗಿದದ್ದೆಲ್ಲ ನೂಲು ಕೊಟ್ಟು ನೇಯಿಸುವ ಸಾಹುಕಾರರ ಅಂಗಡಿಗೆ ಹೋಗಿತ್ತು, ಮಗ್ಗದ ಮೇಲಿನದು ಅರ್ಧಕ್ಕೆ ನಿಂತಿತ್ತು. ಯಾರೋ ಪೇಟೆಗೆ ಓಡಿ ಕೈಗೆ ಸಿಕ್ಕ ಗಿರಣಿ ಸೀರೆ ತಂದರು. ಅದಕ್ಕೆ ಅಂಚೇ ಇರಲಿಲ್ಲ. ಅಕ್ಕಾರು ಅದರ ಬದಿಯನ್ನು ಬೆರಳಿನಿಂದ ಸವರಿ ನೋಡಿದ್ದನ್ನು ನಾನು ಕಂಡಿದ್ದೇನೆ.

ಸತ್ತವರಿಗೆ ನೀರಡಿಕೆಯಾಗುತ್ತದೆಂದು ದೇಹ ಮಲಗಿಸಿದ್ದ ಜಾಗದಲ್ಲಿ ದೀಪದ ಪಕ್ಕ ಒಂದು ಲೋಟ ನೀರಿಡುವುದು ಆ ಮನೆಯ ರೂಢಿ. ದಿನಕರ್ಮ ಮುಗಿದು ಬಂಧುಬಳಗ ಚದುರಿದ ಮೇಲೂ ಅಕ್ಕಾರು ನೀರಿಡುವುದನ್ನು ಬಿಡಲಿಲ್ಲ. ಹಿಂದಿನ ದಿನದ ನೀರನ್ನು ಚೆಲ್ಲಲು ಮನಸ್ಸಾಗದೆ ಬೆಳಿಗ್ಗೆ ಕುಂಡಕ್ಕೆ ಸುರಿಯುತ್ತಿದ್ದರು. ಎಲೆಗಳು ಬುಡದಲ್ಲಿ ಮೆತ್ತಗಾಗಿ ವಾಲತೊಡಗಿದವು.

"ಅಕ್ಕಾರ, ಈ ಗಿಡಕ್ಕ ಇಷ್ಟ ನೀರು ಹಾಕಬ್ಯಾಡ್ರಿ. ಮಣ್ಣು ಪೂರಾ ಒಣಗಿದ ಮ್ಯಾಲ ಹಾಕಬೇಕ್ರಿ," ಎಂದೆ.

ಅವರು ನನ್ನನ್ನೇ ನೋಡಿದರು. "ಗಿಡಕ್ಕ ಯಾರ ಹಾಕ್ತಾರ ಯವ್ವಾ?"

ಕೊನೆಗೊಂದು ದಿನ ಗಿಡ ಮಗುಚಿ ಬಿತ್ತು. ಕಿತ್ತು ನೋಡಿದರೆ ಬೇರುಗಳೆಲ್ಲ ಕೊಳೆತು ನಾರುತ್ತಿದ್ದವು. ಗಟ್ಟಿಯಿದ್ದದ್ದು ಒಂದೇ ಎಲೆ. ಅದರ ಮೇಲಿನ ತುಂಡನ್ನು ಕತ್ತರಿಸಿ, ಗಾಯ ಒಣಗಲು ಬಿಟ್ಟು, ಉಸುಕು ಬೆರೆಸಿದ ಮಣ್ಣಿನಲ್ಲಿ ನೆಟ್ಟು ಕಿಟಕಿಯ ಬಳಿ ಇಟ್ಟೆ. ಇನ್ನು ಹನಿ ನೀರೂ ನನ್ನನ್ನು ಕೇಳದೆ ಹಾಕಕೂಡದೆಂದು ಕಟ್ಟುನಿಟ್ಟು ಮಾಡಿದೆ. ಅಕ್ಕಾರು ಒಪ್ಪಿದರು. ಆದರೆ ಬೆಳಿಗ್ಗೆ ಲೋಟ ತುಂಬಿ ಕುಂಡದ ಪಕ್ಕ ಇಡುವುದನ್ನು ಬಿಡಲಿಲ್ಲ. "ಮುಂದ ನೀರಿಟ್ಟು ಕುಡೀಬ್ಯಾಡ ಅಂದಂಗ ಆತಲ್ಲ," ಎಂದು ಕುಂಡದ ಕಡೆ ನೋಡುತ್ತ ಅನ್ನುತ್ತಿದ್ದರು.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ಮುಂಜಾನೆ ಅವರು ನನ್ನ ಬಾಗಿಲು ಬಡಿದು, "ಬಂದಾಳ ನೋಡ ಬಾ," ಎಂದರು. ಮಣ್ಣು ಸೀಳಿ ಹಸಿರು ಮೊಳಕೆಯೊಂದು ತಲೆ ಎತ್ತಿತ್ತು. ಎಲೆಯಾಗಿ ಬಿಚ್ಚಿಕೊಂಡಾಗ ಮೈಮೇಲೆ ಹಾವಿನ ಗೆರೆಗಳೆಲ್ಲ ಇದ್ದವು, ಹಳದಿ ಅಂಚು ಮಾತ್ರ ಇರಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಎಂದು ಅಕ್ಕಾರು ಎಲೆಯ ಬದಿಯನ್ನು ಆ ಕೆಂಪು ಬೆರಳಿನಿಂದ ಸವರಿ ನೋಡುತ್ತಿದ್ದರು. ಕಡೆಗೆ ತಾವೇ ತೀರ್ಮಾನಕ್ಕೆ ಬಂದರು: "ನಾವು ಹೆಂಗ ಕಳಿಸಿದ್ವಿ, ಹಂಗ ಬಂದಾಳ."

ಬಾಗಲಕೋಟೆಗೆ ಹೋದಾಗ ನರ್ಸರಿಯವನನ್ನು ಕೇಳಿದೆ. ಎಲೆ ಕತ್ತರಿಸಿ ನೆಟ್ಟರೆ ಈ ಜಾತಿಗೆ ಅಂಚು ಬರುವುದೇ ಇಲ್ಲ, ಬೇರು ಸಮೇತ ಬಿಡಿಸಿ ನೆಟ್ಟರಷ್ಟೇ ಬರುತ್ತದೆ ಎಂದ. ಸಮಾಧಾನವಾದೀತೆಂದು ಬಂದು ಹೇಳಿದೆ.

"ಅಂದ್ರ ಅಂಚು ಬೇರಿನಾಗ ಇತ್ತು," ಎಂದರು ಅಕ್ಕಾರು.

"ಹೂಂರಿ."

"ಬೇರು ನಾನ ಕೊಳಿಸೇನಿ."

ಮರುವಾರ ಮಗ್ಗದ ಮೇಲೆ ಹೊಸ ಸೀರೆಯ ಹಾಸು, ಅದರ ಉದ್ದದ ಎಳೆಗಳು, ಏರಿತು. ಹಸಿರು ಮೈ, ಹಳದಿ ಅಂಚು. ಯಾರ ಆರ್ಡರೆಂದು ಕೇಳಿದ ಸಾಹುಕಾರರಿಗೆ, "ಮನ್ಯಾಗಿಂದ್ರಿ," ಎಂದಷ್ಟೇ ಹೇಳಿದರು. ಸೆರಗಿನ ಎಳೆ ಕೂಡಿಸಲು ಯಾರನ್ನೂ ಕರೆಯಲಿಲ್ಲ, ತಾವೇ ಕೂತರು. ನನ್ನ ಕೋಣೆಗೆ ಅವರ ದನಿ ಕೇಳುತ್ತಿತ್ತು. "ಈ ಎಳಿ ಸಡ್ಲ ಆತೇನ?" ಆಮೇಲೆ ಒಬ್ಬರು ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಮೌನ. ಆಮೇಲೆ, "ಹೂಂ, ಖರೆ. ನನಗ ಕಾಣಲಿಲ್ಲ." ನಾನು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಹೆದರಿಕೆಯೇ ಅದು, ಬೇರೇನಲ್ಲ. ಅವರ ಮುಖದ ಮೇಲೆ ಮಾತ್ರ ಆ ದಿನಗಳಲ್ಲಿ ಹಳೆಯ ಜಗಳದ ಕಳೆ ಮರಳಿತ್ತು.

ಸೀರೆ ಮುಗಿದ ದಿನ ನನ್ನನ್ನು ಕರೆದು ಟ್ರಂಕಿನ ತಳ ತೋರಿಸಿದರು. "ಇದನ್ನ ಇಲ್ಲಿ ಇಟ್ಟೇನಿ. ನಾ ಹೋದಾಗ ನನಗ ಹೊದಿಸ್ರಿ. ಆಕಿಗಿ ಮುಟ್ಟಸ್ತೇನಿ."

ಕೆಲವು ವರ್ಷಗಳ ಮೇಲೆ, ನಾನು ಬಾಗಲಕೋಟೆಗೆ ಬಂದು ನೆಲೆಸಿದ ನಂತರ, ಓಣಿಯವರು ಫೋನ್ ಮಾಡಿದರು. ಸಿಕ್ಕ ಬಸ್ಸು ಹಿಡಿದು ಹೋದೆ. ಟ್ರಂಕು ತೆಗೆಸಿದ್ದು ನಾನೇ. ಹೆಂಗಸರು ಆ ಸೀರೆ ಹೊದಿಸಿದಾಗ ಹಳದಿ ಅಂಚು ಅವರ ಬೆರಳುಗಳ ಮೇಲೆ ಬಂದಿತು. ಬೆರಳ ಕೆಂಪು ಹಾಗೆಯೇ ಇತ್ತು.

ಹಾವಿನ ಗಿಡವೆಂದು ಯಾರೂ ಒಯ್ಯದ ಕುಂಡ ಈಗ ನನ್ನ ಮನೆಯ ಕಿಟಕಿಯ ಬಳಿ ಇದೆ. ಗಿಡ ದಟ್ಟವಾಗಿ ಬೆಳೆದಿದೆ, ಒಂದು ಎಲೆಗೂ ಅಂಚಿಲ್ಲ. ಮಣ್ಣಿಗೆ ಬೆರಳಿಟ್ಟು ನೋಡಿ, ಪೂರಾ ಒಣಗಿದ್ದರಷ್ಟೇ ನೀರು ಹಾಕುತ್ತೇನೆ. ಆದರೆ ಬೆಳಿಗ್ಗೆ ಚಹಾಕ್ಕೆ ಮೊದಲು ಲೋಟ ತುಂಬಿ ಪಕ್ಕದಲ್ಲಿಡುವುದನ್ನು ತಪ್ಪಿಸಿಲ್ಲ. ಈಗ ಲೋಟ ಎರಡು. ಸಂಜೆ ನೋಡಿದರೆ ಎರಡರಲ್ಲೂ ನೀರು ತುಸು ಇಳಿದಿರುತ್ತದೆ. ನಮ್ಮ ಕಡೆಯ ಬಿಸಿಲು ಅಂಥದ್ದು, ನನಗೆ ಗೊತ್ತು. ಆದರೂ ಉಳಿದದ್ದನ್ನು ಚೆಲ್ಲಲು ಕೈ ಬರುವುದಿಲ್ಲ.