ನೀಲಿ ಡ್ರಮ್ಮಿನ ವಾಟರ್ ಪಾರ್ಕ್

ಗೇಟಿನ ಹತ್ತಿರ ಒಬ್ಬರು ನಿಂತಿದ್ದರು. ಕೈಯಲ್ಲಿ ಪೇಪರ್ ಕಟಿಂಗ್. ದೂರದಿಂದಲೇ ಅದರಲ್ಲಿದ್ದ ನನ್ನ ಫೋಟೋ ಕಾಣಿಸಿತು. (ಆ ಫೋಟೋ ಎಷ್ಟು ಹಳೆಯದು ಅಂತ ನಿಮಗೂ ಗೊತ್ತು, ಬಿಡಿ.) ಭಾನುವಾರ, ಮೂರು ಗಂಟೆಯ ಬಿಸಿಲು. ನಾನೇನು ಮಾಡಿದೆ ಗೊತ್ತಾ? ಒಳಗೆ ಹೋಗಿ ಕನ್ನಡಿ ನೋಡಿಕೊಂಡೆ. ಕೂದಲು ಸರಿ ಮಾಡಿಕೊಂಡೆ. ಯಾರೋ ಅಭಿಮಾನಿ ಹುಡುಕಿಕೊಂಡು ಬಂದಿದ್ದಾರೆ ಅಂತ ಒಳಗೊಳಗೇ ಉಬ್ಬಿದೆ. ಅಷ್ಟು ಹೊತ್ತೂ ಆ ಮನುಷ್ಯ ಬಿಸಿಲಲ್ಲಿ ನಿಂತೇ ಇದ್ದರು.

"ಇದ್ನ ಬರ್ದೋರು ನೀವೇನಾ ಅಕ್ಕಾ?"

"ಹೌದು, ನಾನೇ. ಬನ್ನಿ ಒಳಗೆ," ಅಂದೆ, ನಗುತ್ತಾ.

ಅವರು ಬರಲಿಲ್ಲ. "ಡ್ರಮ್ಮಲ್ಲಿ ಏನಿತ್ತು ಅಂತ ಡಾಕ್ಟ್ರು ಕೇಳ್ತವ್ರೆ. ಬಿರ್ನೆ ಹೇಳಿ ಅಕ್ಕಾ. ಪಾಪು ಕಣ್ಣೇ ಬಿಡ್ತಾ ಇಲ್ಲ."

ಯಾವ ಡ್ರಮ್ಮು, ಯಾವ ಪಾಪು? ಒಂದು ಕ್ಷಣ ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಕಟಿಂಗ್ ಕಡೆ ನೋಡಿದೆ. ಅರ್ಥವಾಯಿತು.

ಆ ಬರಹ ನಿಮ್ಮಲ್ಲಿ ಬಹಳ ಜನ ಓದಿದ್ದೀರಿ. ಶಾಲೆಗಳಿಗೆ ರಜೆ ಬಿಟ್ಟ ವಾರ ಬರೆದಿದ್ದು. ಚಿಕ್ಕ ಮಕ್ಕಳಿರುವ ಮನೆಯವರು ಹೆಚ್ಚು ಖರ್ಚಿಲ್ಲದೆ ಬೇಸಿಗೆ ಕಳೆಯೋದು ಹೇಗೆ ಅಂತ. ಪುಳಿಯೋಗರೆ ಕಟ್ಟಿಕೊಂಡು ಬಸ್ಸಿನಲ್ಲಿ ರಾಯಕೋಟೆಗೆ ಹೋಗಿ ಕೋಟೆ ಹತ್ತಿ ಅಂದಿದ್ದೆ. ಹಳೇ ಬೆಡ್‌ಶೀಟು ಕಟ್ಟಿ ಹಾಲ್‌ನಲ್ಲೇ ಟೆಂಟ್ ಮಾಡಿಕೊಡಿ ಅಂದಿದ್ದೆ. ಕೊನೆಗೆ, ನನ್ನ ಹೆಮ್ಮೆಯ ಐಡಿಯಾ, ಮನೆಯಲ್ಲೇ ವಾಟರ್ ಪಾರ್ಕ್. ನೀರು ಹಿಡಿಯುವ ನೀಲಿ ಪ್ಲಾಸ್ಟಿಕ್ ಡ್ರಮ್ ಗೊತ್ತಲ್ಲ, ಈ ಕಡೆ ಅದಿಲ್ಲದ ಮನೆ ಯಾವುದಿದೆ? ಹಳೇದೊಂದು ತಗೊಳ್ಳಿ, ಮಕ್ಕಳ ಮೊಣಕಾಲೆತ್ತರಕ್ಕೆ ಅಡ್ಡ ಕೊಯ್ಯಿಸಿ, ಅಂಚಿಗೆ ಸೈಕಲ್ ಟ್ಯೂಬ್ ಸಿಕ್ಕಿಸಿ, ನೆರಳಲ್ಲಿಟ್ಟು ನೀರು ತುಂಬಿಸಿ. ನಮ್ಮ ಮನೆಯಲ್ಲಿ ಎರಡು ಬೇಸಿಗೆ ಹಾಗೇ ಕಳೆದಿತ್ತು. ನನ್ನ ಇಬ್ಬರು ಮಕ್ಕಳು ಅದರಿಂದ ಮೇಲೇಳುತ್ತಲೇ ಇರಲಿಲ್ಲ. ಬರೆದ ಮೇಲೆ ಎಷ್ಟೊಂದು ಕಾಗದ, ಎಷ್ಟೊಂದು ಫೋನು ಬಂದವು.

ಬಂದವರ ಹೆಸರು ಮುನಿರಾಜು. ರಾಯಕೋಟೆ ಕಡೆಯ ಹಳ್ಳಿಯವರು, ಇಲ್ಲೇ ಹೊಸೂರಿನ ಮೂಕಂಡಪಲ್ಲಿಯ ವಠಾರವೊಂದರಲ್ಲಿ ಬಾಡಿಗೆಗಿದ್ದಾರೆ, ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸ. ಹೆಂಡತಿ ಸುಜಾತ ಮಾಲೂರಿನ ಹೆಣ್ಣುಮಗಳು. ಪ್ರತಿ ವಾರ ನನ್ನ ಅಂಕಣ ಓದುವವರು. ಮಗಳು ಹರ್ಷಿತಾಗೆ ನಾಲ್ಕು ವರ್ಷ. ಆ ಮಧ್ಯಾಹ್ನ ಸುಜಾತ ಮಗುವನ್ನು ಎತ್ತಿಕೊಂಡು ಹೊಸೂರಿನ ಆಸ್ಪತ್ರೆಯಲ್ಲಿ ಕೂತಿದ್ದರು. ಅಂಕಣದ ಕೆಳಗಿರುವ ನನ್ನ ವಿಳಾಸ ಓದಿ ಹೇಳಿ ಗಂಡನನ್ನು ನನ್ನ ಹತ್ತಿರ ಓಡಿಸಿದ್ದರು. ಬರೆದ ಅಕ್ಕನಿಗೆ ಆ ಡ್ರಮ್ಮಿನ ವಿಷಯ ಗೊತ್ತಿರುತ್ತೆ ಅನ್ನೋ ನಂಬಿಕೆ.

"ನೋಡಿ ಅಕ್ಕಾ, ಇದ್ರಲ್ಲಿ ಯಾವ ಡ್ರಮ್ಮು ಅಂತ ಬರ್ದದಾ? ನಂಗೆ ಕನ್ನಡ ಓದಕ್ಕೆ ಬರಕಿಲ್ಲ. ನಾನು ತಮಿಳು ಮೀಡಿಯಂ. ಅವ್ಳು ಓದಿ ಹೇಳಿದ್ಲು, ನಾನು ತಂದೆ."

ಕಟಿಂಗ್ ಇಸಿದುಕೊಂಡು ಓದಿದೆ. ಗಟ್ಟಿಯಾಗಿ ಓದಿ ಅಂದರು, ಓದಿದೆ. ಗೇಟಿನ ಹತ್ತಿರ ನಿಂತು, ಕಣ್ಣು ಬಿಡದ ಮಗುವಿನ ಅಪ್ಪನಿಗೆ, ನಾನೇ ಬರೆದ ತಮಾಷೆ ಮಾತುಗಳನ್ನೆಲ್ಲ ಓದಿ ಹೇಳಿದೆ. 'ಟಿಕೆಟ್ ಇಲ್ಲ, ಕ್ಯೂ ಇಲ್ಲ, ಬೆಂಗಳೂರಿನ ಟ್ರಾಫಿಕ್ಕೂ ಇಲ್ಲ' ಅಂತ ಬರೆದಿದ್ದೆ. 'ಮುಚ್ಚಳ ಎಸೆಯಬೇಡಿ, ಮಕ್ಕಳಿಗೆ ನೀರು ಮೊಗೆದು ಸುರಿದುಕೊಳ್ಳಲು ಒಳ್ಳೆ ಬಟ್ಟಲಾಗುತ್ತೆ' ಅಂತಲೂ ಬರೆದಿದ್ದೆ. ಅಲ್ಲಿಗೆ ಬಂದಾಗ ಮುನಿರಾಜು ನನ್ನ ಕೈ ಹಿಡಿದು ನಿಲ್ಲಿಸಿದರು.

"ಅದೇ ಅಕ್ಕಾ, ಆ ಮುಚ್ಚಳದಲ್ಲೇ ತಲೆ ಮೇಲೆ ಹುಯ್ಕಂಡವ್ಳೆ."

ಯಾವ ಡ್ರಮ್ ಅಂತ ಬರೆದಿರಲೇ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ.

"ನಿಮ್ ಡ್ರಮ್ಮಲ್ಲಿ ಏನಿತ್ತು?" ಅಂದರು.

"ಮಾವಿನ ಹಣ್ಣಿನ ರಸ."

ಕೃಷ್ಣಗಿರಿ ಕಡೆ ಮಾವಿನ ತಿರುಳು ತೆಗೆದು ಡ್ರಮ್ಮಿಗೆ ತುಂಬಿಸಿ ಕಳಿಸುವ ಫ್ಯಾಕ್ಟರಿಗಳು ಬೇಕಾದಷ್ಟಿವೆ. ಅಂಥ ಒಂದು ಕಡೆ ನನ್ನ ಗಂಡನ ಸ್ನೇಹಿತರಿದ್ದಾರೆ. ಅವರು ಕೊಡಿಸಿದ ಡ್ರಮ್ ನಮ್ಮದು. ವಾರ ಪೂರ್ತಿ ಮಾವಿನ ವಾಸನೆ ಹೋಗಿರಲಿಲ್ಲ, ಮಕ್ಕಳು ಒಳಗೆ ತಲೆ ಹಾಕಿ ಮೂಸುತ್ತಿದ್ದವು. ಇದನ್ನೆಲ್ಲ ನಾನು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ? ನೆನಪಾಗಲಿಲ್ಲ, ಅಷ್ಟೇ. ನನ್ನ ತಲೆಯಲ್ಲಿ ಡ್ರಮ್ ಅಂದರೆ ಡ್ರಮ್.

"ನೀವೆಲ್ಲಿ ತಗೊಂಡ್ರಿ?" ಅಂತ ಕೇಳಿದೆ. ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಗುಜರಿ ಅಂಗಡಿ ಅಂದರು. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಅವರ ಮೊಪೆಡ್ ಹತ್ತಿದೆ.

ಅಂಗಡಿ ಮುಚ್ಚಿತ್ತು. ಯಜಮಾನರು ಹಿಂದಿನ ಮನೆಯಲ್ಲೇ ಊಟ ಮಾಡಿ ಮಲಗಿದ್ದರು. ವಯಸ್ಸಾದವರು, ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಮಾತಾಡುವವರು. ಎದ್ದು ಬಂದು, ಅಂಗಳದಲ್ಲಿ ಒಂದರ ಮೇಲೊಂದು ಒಟ್ಟಿದ್ದ ನೀಲಿ ಡ್ರಮ್ಮುಗಳನ್ನು ನೋಡಿದರು. ಮುನಿರಾಜು ಮುಖ ನೋಡಿದರು.

"ನೀನು ಆ ಮೂಲೇದು ತಗಂಡೋಗಿದ್ದಲ್ಲ? ಅದು ಪ್ಲೇಟಿಂಗ್ ಕಂಪನಿ ಸರಕಪ್ಪಾ. ಕಾಸ್ಟಿಕ್ಕು."

ಮುನಿರಾಜು ಅಲ್ಲೇ ಒಂದು ಟಯರಿನ ಮೇಲೆ ಕುಕ್ಕರಿಸಿದರು. ನನಗೆ ಆಗ ಕಾಸ್ಟಿಕ್ ಸೋಡಾ ಅಂದರೆ ಸೋಪಿಗೆ ಹಾಕುವ ಏನೋ ಒಂದು. ಅವರಿಗೆ ಅದು ಏನಂತ ಪೂರ್ತಿ ಗೊತ್ತಿತ್ತು. "ನಮ್ ಕಂಪ್ನೀಲಿ ಆ ಸೆಕ್ಷನ್ನೋರು ಕನ್ನಡಕ ಇಲ್ದೆ ಒಳಕ್ಕೆ ಕಾಲಿಡಂಗಿಲ್ಲ ಅಕ್ಕಾ. ಕನ್ನಡಕ, ಗ್ಲೌಸು, ಬೂಟು," ಅಂದರು.

"ಲೇಬಲ್ ಯಾಕಿರಲಿಲ್ಲ?" ಅಂತ ಯಜಮಾನರ ಮೇಲೆ ರೇಗಿದೆ.

"ನಾವೇ ಕೆರೆದು ತೆಗೀತೀವಮ್ಮಾ. ಬರ್ದಿದ್ರೆ ಮನೇಗೆ ಯಾರು ತಗಂಡೋಗ್ತಾರೆ?" ಅಂದರು. ಮನುಷ್ಯ ಕೆಟ್ಟವರಲ್ಲ. ಮುಚ್ಚಿಡಬೇಕು ಅಂತ ಹೇಳಿದ ಮಾತೂ ಅಲ್ಲ. "ಎಲ್ಲಾರ್ಗೂ ಮೂರು ಸಲ ತೊಳೀರಿ ಅಂತ ಹೇಳೇ ಕೊಡಾದು. ಈ ಸಲ ಯಾಕೋ ಗೊತ್ತಿಲ್ಲ, ರಜ ಬಿಟ್ಟಾಗಿಂದ ಡ್ರಮ್ಮು ಸಕತ್ತಾಗಿ ಹೋಯ್ತು. ಅಡ್ಡಕ್ಕೆ ಕುಯ್ದು ಕೊಡಿ ಅಂತ ಬೇರೆ ಕೇಳ್ತಾರೆ."

ಯಾಕೆ ಅಂತ ನನಗೆ ಗೊತ್ತಿತ್ತು. ಆಗ ನನಗಾದದ್ದು ನಾಚಿಕೆ ಅಲ್ಲ, ಭಯ. ಎಷ್ಟು ಮನೆಗೆ ಹೋಗಿರಬಹುದು?

ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಿದೆವು. ಅವರು ಅಷ್ಟು ಹೊತ್ತೂ ಮಗುವಿನ ಕಣ್ಣು ತೊಳೆಯುತ್ತಲೇ ಇದ್ದರು. ಕಾಸ್ಟಿಕ್ಕಿನ ಹೆಸರು ಕೇಳಿದ ಕೂಡಲೇ ಬೆಂಗಳೂರಿಗೆ ಕಳಿಸುವ ಏರ್ಪಾಡು ಮಾಡಿದರು. ಎಡಗಣ್ಣಿನ ಬಗ್ಗೆ ಅಷ್ಟು ಹೆದರಬೇಡಿ, ಬಲಗಣ್ಣು ಹೇಳೋಕಾಗಲ್ಲ ಅಂದರು. ಹರ್ಷಿತಾ ಅಳುತ್ತಿರಲಿಲ್ಲ. ಅತ್ತೂ ಅತ್ತೂ ಗಂಟಲು ಕಟ್ಟಿಹೋಗಿತ್ತು.

ನಡೆದದ್ದನ್ನು ಸುಜಾತ ಹೇಳಿದರು. ಡ್ರಮ್ಮನ್ನು ಇಬ್ಬರೂ ಸೇರಿ ಮೂರಲ್ಲ, ಐದು ಸಲ ತೊಳೆದಿದ್ದಾರೆ. ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ. ಮುಚ್ಚಳದ ಒಳಗೊಂದು ರಬ್ಬರ್ ವಾಷರ್ ಇರುತ್ತೆ, ಅದರ ಹಿಂದೆ ಬಿಳೀ ಪುಡಿ ಗಟ್ಟಿಯಾಗಿ ಕೂತಿತ್ತು. ಅದು ಯಾರ ಕಣ್ಣಿಗೆ ಬೀಳುತ್ತೆ? ಮಗು ಮುಚ್ಚಳದಲ್ಲಿ ನೀರು ತುಂಬಿಸಿಟ್ಟು ಆಡಿದೆ. 'ಅಮ್ಮಾ, ಸೋಪು ಹಾಕಿದೀಯಾ? ಜಾರ್ತದೆ' ಅಂದಿದೆ. ಇಲ್ಲ ಕಣಮ್ಮಾ ಅಂತ ಒಳಗಿನಿಂದಲೇ ಅಂದಿದ್ದಾರೆ, ಒಲೆ ಮೇಲೆ ಸಾರಿತ್ತು. ಆಮೇಲೆ ಕಿರುಚಿದ್ದು ಕೇಳಿ ಓಡಿ ಬಂದಿದ್ದಾರೆ. ಕಣ್ಣು ತೊಳೆಯಬೇಕು. ನೀರೆಲ್ಲಿ? ನಲ್ಲಿ ಬರೋದು ಮೂರು ದಿನಕ್ಕೊಮ್ಮೆ. ಬಿಂದಿಗೆ, ಬಕೆಟ್, ಎಲ್ಲದರ ನೀರನ್ನೂ ಮಗಳ ವಾಟರ್ ಪಾರ್ಕಿಗೆ ಸುರಿದಾಗಿತ್ತು.

"ಅದ್ರಲ್ಲೇ ಮುಖ ಅದ್ದಿ ಅದ್ದಿ ತೊಳ್ದೆ ಅಕ್ಕಾ," ಅಂದರು ಸುಜಾತ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆದರೂ ನಿಂತೆ.

ಮಾರನೇ ದಿನ ಸಂಪಾದಕರಿಗೆ ಫೋನ್ ಮಾಡಿದೆ. ಈ ವಾರವೇ ಮೊದಲ ಪುಟದಲ್ಲಿ ಹಾಕಿ, ಯಾರೂ ಗುಜರಿ ಡ್ರಮ್ಮಿನಲ್ಲಿ ಮಕ್ಕಳನ್ನು ಇಳಿಸಬಾರದು ಅಂತ ದೊಡ್ಡದಾಗಿ ಹಾಕಿ ಅಂದೆ. ಅವರು ಸಮಾಧಾನ ಹೇಳಿದರು. ಎರಡು ಸಾಲಿನ ಸೂಚನೆ ಸಾಕು, 'ಡ್ರಮ್‌ಗಳನ್ನು ಚೆನ್ನಾಗಿ ತೊಳೆದು ಬಳಸಿ' ಅಂತ, ಸುಮ್ಮನೆ ದೊಡ್ಡದು ಮಾಡಿದರೆ ನಿಮ್ಮ ಹೆಸರೇ ಹಾಳಾಗುತ್ತೆ ಮೇಡಂ ಅಂದರು. ಐದು ಸಲ ತೊಳೆದಿದ್ದಾರೆ ಸಾರ್ ಅಂತ ಕೂಗಾಡಿದೆ. ಕೊನೆಗೆ ಮೂರನೇ ಪುಟದಲ್ಲಿ ಒಂದು ಬಾಕ್ಸ್ ಬಂತು. ಓದಿದವರೆಷ್ಟು ಜನವೋ.

ಅದನ್ನು ನಂಬಿ ಮನೆಯಲ್ಲಿ ಕೂರೋದಕ್ಕೆ ಆಗಲಿಲ್ಲ. ಸುಜಾತ ಇರುವ ವಠಾರಕ್ಕೆ, ಅದರ ಹಿಂದಿನ ಮುಂದಿನ ಬೀದಿಗೆ ನಾನೇ ಹೋದೆ. ಮನೆ ಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಎರಡು ಕಡೆ ಕೊಯ್ದ ಡ್ರಮ್ ಸಿಕ್ಕಿತು, ನೀರು ಚೆಲ್ಲಿಸಿದೆ. ಉಳಿದ ಕಡೆ? ಉಳಿದ ಕಡೆ ಕೊಯ್ಯದ ಡ್ರಮ್ಮುಗಳಿದ್ದವು, ತುಂಬಾ ನೀರು. ಮೇಲೆ ತಟ್ಟೆ ಮುಚ್ಚಿ, ತಟ್ಟೆ ಮೇಲೆ ಲೋಟ ಇಟ್ಟಿದ್ದರು. ಕುಡಿಯುವುದಕ್ಕೆ, ಅಡಿಗೆಗೆ, ಮಗುವಿನ ಹಾಲಿನ ಬಾಟಲಿ ತೊಳೆಯುವುದಕ್ಕೆ ಎಲ್ಲಾ ಅದೇ ನೀರು.

ಇದರಲ್ಲಿ ಹಿಡಿಯಬೇಡಿ ಅಂತ ಒಬ್ಬ ಹೆಂಗಸಿಗೆ ಹೇಳಿದೆ. ಸೊಂಟದಲ್ಲಿ ಕೂಸಿತ್ತು. ಅವಳು ಜಗಳಕ್ಕೇನೂ ಬರಲಿಲ್ಲ. "ಆಯ್ತಕ್ಕಾ. ಹಂಗಾರೆ ಯಾವುದ್ರಲ್ಲಿ ಹಿಡಿಯಾದು, ಅದ್ನೂ ಹೇಳ್ಬುಡಿ," ಅಂದಳು.

ನಾನು ಅಂಕಣಕಾರ್ತಿ. ಇಷ್ಟು ವರ್ಷ ವಾರಕ್ಕೊಂದು ಉಪಾಯ ಹೇಳಿದವಳು. ಹಳೇ ಸೀರೆಯಲ್ಲಿ ಕರ್ಟನ್, ಉಳಿದ ಅನ್ನದಲ್ಲಿ ಸಂಡಿಗೆ, ರಟ್ಟಿನ ಡಬ್ಬದಲ್ಲಿ ಬೊಂಬೆಮನೆ. ಅವಳ ಡ್ರಮ್ಮಿನ ಮೇಲೆ ಸರಿದಿದ್ದ ತಟ್ಟೆ ಸರಿ ಮಾಡಿ ಮುಂದಿನ ಬಾಗಿಲಿಗೆ ಹೋದೆ.

ಈಗ ಒಂದು ವಿಷಯ ಹೇಳಬೇಕು, ಕೋಪ ಮಾಡಿಕೊಳ್ಳಬೇಡಿ. ನಾನು ಉಳಿತಾಯದ ಮಾತು ಬರೆಯುವಾಗ ನನ್ನ ಜಾಣತನದ ಬಗ್ಗೆಯೇ ಬರೆಯುತ್ತಿದ್ದೆ. ಆ ಜಾಣತನದ ಹಿಂದೆ ಒಬ್ಬ ಪರಿಚಯದವರಿದ್ದರು, ಒಂದು ಅಂಗಳವಿತ್ತು, ದಿನಾ ಬರುವ ನೀರಿತ್ತು. ಅದ್ಯಾವುದನ್ನೂ ನಾನು ಲೆಕ್ಕಕ್ಕೇ ಹಿಡಿಯಲಿಲ್ಲ, ಐಡಿಯಾ ಮಾತ್ರ ಬರೆದೆ. ಇದ್ದವರ ಮನೆಯಲ್ಲಿ ಆಟವಾದದ್ದು ಇಲ್ಲದವರ ಮನೆಗೆ ಹೋಗಿ ಏನಾಯಿತು ನೋಡಿ. ತಿಳಿಯದೆ ಮಾಡಿದ್ದು ಅಂತ ನನ್ನ ಗಂಡ ಸಮಾಧಾನ ಹೇಳುತ್ತಾರೆ. ತಿಳಿಯದವಳು ಯಾಕೆ ಬರೆಯಬೇಕಿತ್ತು?

ಕಳೆದ ತಿಂಗಳು ಸುಜಾತ ಮನೆಗೆ ಹೋಗಿದ್ದೆ. ಅದಕ್ಕೂ ಮೊದಲು ಮೂರು ಸಲ ಹೊರಟು ಬೀದಿ ತುದಿಯಿಂದ ವಾಪಸ್ ಬಂದಿದ್ದೇನೆ. ಹೇಡಿ ನಾನು. ಹರ್ಷಿತಾ ಬಾಗಿಲ ಹತ್ತಿರ ಚಾಪೆ ಮೇಲೆ ಕೂತಿತ್ತು. ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿನ ಕರಿಗುಡ್ಡೆ ಮೇಲೆ ಬಿಳೀ ಪೊರೆ. ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತೆ, ಮುಂದೆ ದೊಡ್ಡವಳಾದ ಮೇಲೆ ಆಪರೇಷನ್ ಮಾಡಿ ನೋಡಬಹುದು, ಭರವಸೆ ಕೊಡಲ್ಲ ಅಂದಿದ್ದಾರಂತೆ. ನಾನು ಬಲಗಡೆ ಕೂತೆ. ಮಗು ನನ್ನನ್ನು ನೋಡೋದಕ್ಕೆ ಕತ್ತನ್ನು ಪೂರ್ತಿ ತಿರುಗಿಸಿತು. ಎದ್ದು ಎಡಗಡೆಗೆ ಬಂದು ಕೂತೆ.

ಸುಜಾತ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕೊಟ್ಟರು. ನಾನು ಹೇಳಬೇಕು ಅಂತ ಕಟ್ಟಿಕೊಂಡು ಹೋದ ಮಾತು ಅರ್ಧವೂ ಹೊರಗೆ ಬರಲಿಲ್ಲ, ಅಳು ಬಂತು. "ನೀವ್ಯಾಕೆ ಅಳ್ತೀರಾ, ಬಿಡಿ ಅಕ್ಕಾ," ಅಂದರು. ಮುನಿರಾಜು ಶಿಫ್ಟಿಗೆ ಹೋಗಿದ್ದರು. ಅವರು ಈಗ ಮಗಳ ಮುಖ ನೋಡಿ ಮಾತಾಡಲ್ಲವಂತೆ, ಡ್ರಮ್ ತಂದ ಕೈ ನಂದೇ ಅಂತಾರಂತೆ. ಆ ಮನುಷ್ಯನ ಪಾಲಿಗೆ ಅಪರಾಧಿ ನಾನಲ್ಲ, ಅವರೇ. ಅದು ನನಗೆ ಇನ್ನೂ ಭಾರವಾಗಿದೆ.

ಹೊರಡುವಾಗ ಸುಜಾತ ಬಾಗಿಲವರೆಗೆ ಬಂದರು. ಏನೋ ಕೇಳಬೇಕು, ಕೇಳೋದಕ್ಕೆ ಸಂಕೋಚ. ಹೇಳಿ ಅಂದೆ.

"ಧೂಳು, ಬಿಸ್ಲು ತಾಕಿಸ್ಬೇಡಿ ಅಂದವ್ರೆ ಡಾಕ್ಟ್ರು. ಹೊರಗಡೆ ಬಿಡಂಗಿಲ್ಲ. ಮನೇಲೇ ಕೂತು ಕೂತು ಹಠ ಮಾಡ್ತಾಳೆ. ಮನೆ ಒಳ್ಗೇ ಆಡೋ ಅಂಥದ್ದು ಏನಾದ್ರೂ ಇದ್ರೆ ಬರೀರಿ ಅಕ್ಕಾ. ಖರ್ಚಿಲ್ದಂಗೆ. ನಾನು ಪ್ರತಿ ವಾರ ನೋಡ್ತಾ ಇದೀನಿ."

ಅದಕ್ಕೇ ಇಷ್ಟು ದಿನ ನಾನು ಬರೆಯಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಸುಜಾತ ಇದನ್ನೂ ಓದುತ್ತಾರೆ. ನನಗೆ ಏನೂ ಹೊಳೆಯುತ್ತಿಲ್ಲ.

ನೀವಾದರೂ ಹೇಳಿ, ನಾಲ್ಕು ವರ್ಷದ ಮಗು, ಹತ್ತಡಿ ಕೋಣೆಯಲ್ಲಿ, ಒಂದೇ ಕಣ್ಣಿನಲ್ಲಿ, ಖರ್ಚಿಲ್ಲದೆ ಏನು ಆಡಬಹುದು?