ಕೆಂಪು ಮಾರಿ ಹಸಿರು ಉಳಿಸಿಕೊಂಡ ಮಿಸ್ತ್ರಿ

ಯೆರವಡಾ ಜೈಲಿನ ಗೋಡೆಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಓಣಿಯ ಕೊನೆಯ ತಗಡಿನ ಚಪ್ಪರದಡಿ ಶಿವರುದ್ರಪ್ಪ ಮಿಸ್ತ್ರಿ ಎರಡು ಫಟಫಟಿ ಮೋಟಾರ್‌ಸೈಕಲ್ಲುಗಳ ನಡುವೆ ಕೂತಿದ್ದಾರೆ. ಒಂದು ಕೆಂಪು, ಎತ್ತರದ್ದು, ಥಳಥಳ ಹೊಳೆಯುವಂಥದ್ದು. ಇನ್ನೊಂದು ಮಿಲಿಟರಿಯವರು ಗುಜರಿಗೆ ಹಾಕಿದ ಹಸಿರು ಗಾಡಿ. ಕುಳ್ಳು, ಬಣ್ಣ ಕಿತ್ತುಹೋಗಿದೆ, ಚಂದವೆಂಬುದು ಹತ್ತಿರ ಸುಳಿದಿಲ್ಲ. ಮಿಸ್ತ್ರಿ ಕೆಂಪನ್ನು ಮೆತ್ತಗೆ ಒರೆಸಿ ಬದಿಗೆ ನಿಲ್ಲಿಸುತ್ತಾರೆ. ಹಸಿರನ್ನು ಒದ್ದು ಚಾಲೂ ಮಾಡಿ, ಬುಟ್ಟಿ ಕಟ್ಟಿಕೊಂಡು ಕಾಯಿಪಲ್ಯ ತರಲು ಹೊರಡುತ್ತಾರೆ.

ಒರೆಸಿದ್ದು ಮಾರುವುದಕ್ಕೆ. ಯುದ್ಧ ಮುಗಿದು ವರ್ಷವಾದರೂ ಪೆಟ್ರೋಲಿನ ರೇಷನ್ ಮುಗಿದಿಲ್ಲ, ಮಿಸ್ತ್ರಿಗೆ ಇನ್ನು ಕೂಪನ್ ಸಿಗುವುದು ಒಂದೇ ಗಾಡಿಗೆ. ಆ ಒಂದು ಎಲ್ಲಕ್ಕೂ ಒದಗಬೇಕು. ನಸುಕಿನಲ್ಲಿ ಖಾನಾವಳಿಗಳಿಗೆ ಕಾಯಿಪಲ್ಯ ಹೊರಬೇಕು, ಹಗಲೆಲ್ಲ ಕೆಟ್ಟು ನಿಂತ ಲಾರಿಗಳ ಹತ್ತಿರ ರಿಪೇರಿ ಹತ್ಯಾರದ ಪೆಟ್ಟಿಗೆ ಒಯ್ಯಬೇಕು, ಯಾವಾಗ ಕರೆ ಬಂದರೂ ಅಕ್ಕ ನಾಗವ್ವನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು. ನಾಗವ್ವ ಸೂಲಗಿತ್ತಿ. ದೂರದ ನಿಗಡಿಯ ಹೊಲದ ಮನೆಗಳ ತನಕ ಆಕೆಗೆ ಬುಲಾವ್ ಬರುತ್ತದೆ.

ಅಕ್ಕ ತಮ್ಮ ಇಬ್ಬರೂ ರೋಣದ ಕಡೆಯವರು. ಹೆತ್ತವರು ತೀರಿಹೋದ ಮೇಲೆ ಶಿವರುದ್ರಪ್ಪ ಈ ವಿಧವೆ ಅಕ್ಕನ ಸೆರಗು ಹಿಡಿದೇ ಪುಣೆಗೆ ಬಂದವರು. ಖಡಕಿಯ ವರ್ಕ್‌ಶಾಪಿನಲ್ಲಿ ಎಣ್ಣೆ ಒರೆಸುತ್ತ ಕೆಲಸ ಕಲಿತರು. ವಿಲಾಯತಿಗೆ ಮರಳಿದ ಸಾಹೇಬನೊಬ್ಬ ಗೋಣಿಚೀಲದಲ್ಲಿ ಬಿಟ್ಟುಹೋದ ತುಂಡುಗಳನ್ನು ಜೋಡಿಸಿ ಕೆಂಪು ಗಾಡಿ ಎಬ್ಬಿಸಿದರು. ಎರಡು ವರ್ಷ ಅಕ್ಕ ಓಡಾಡಿದ್ದು ಅದರ ಮೇಲೆಯೇ. ಕಳೆದ ದಸರೆಗೆ ಬಂದ ಹಸಿರಿನದು ಬರೀ ಬುಟ್ಟಿ ಹೊರುವ ಪಾಡು.

ಯಾವುದನ್ನು ಉಳಿಸಿಕೊಳ್ಳುವುದು? ಮಿಸ್ತ್ರಿ ಪರೀಕ್ಷೆ ಇಟ್ಟರು. ಅಕ್ಕನ ತೂಕದ ಜೋಳದ ಚೀಲವೊಂದನ್ನು ಹಿಂದೆ ಕಟ್ಟಿ ಎರಡನ್ನೂ ಒಂದಾದ ಮೇಲೊಂದು ನಿಗಡಿಗೆ ಓಡಿಸಿದರು. ಕೆಂಪು ಕಾಲು ತಾಸು ಬೇಗ ಮುಟ್ಟಿತು, ಚೀಲ ಅಲುಗಲಿಲ್ಲ. ಕೆಂಪನ್ನೇ ಉಳಿಸಿಕೊಳ್ಳುವುದೆಂದು ಅಲ್ಲಿಗೆ ತೀರ್ಮಾನವಾಯಿತು. ಖುಷಿಯಿಂದ ಬಂದು ಅಕ್ಕನಿಗೆ ಹೇಳಿದರು. ರೊಟ್ಟಿ ಬಡಿಯುತ್ತಿದ್ದ ನಾಗವ್ವ ತಲೆ ಎತ್ತಲಿಲ್ಲ.

“ಚೀಲಕ್ಕ ಕೈ ಇಲ್ಲೋ ತಮ್ಮಾ” ಎಂದಳು.

ಮಿಸ್ತ್ರಿಗೆ ತಿಳಿಯಲಿಲ್ಲ. ಆಗ ಆಕೆ ಬಿಡಿಸಿ ಹೇಳಿದಳು: “ಆ ಕೆಂಪಿ ಮ್ಯಾಲ ಬಿದ್ದೇನಂತ ಅಂಜಿ ಸೀಟಿನ ಕಬ್ಬಿಣ ಬಿಗಿಹಿಡದು ಕೈ ಮರಗಟ್ಟತಾವು. ಹಂತಾ ಕೈಲೆ ಕೂಸು ಹ್ಯಾಂಗ ಹಿಡೀಲಿ? ಬಿಸಿನೀರಾಗ ಕೈ ಇಟ್ಟು ಕುಂದರ್ತೇನಿ. ಬಾಜೂಕ ಹಡಿಯೋ ಹೆಣ್ಮಗಳು ಒದರತಿರ್ತಾಳ.”

ಹೋದ ಮನೆಯಲ್ಲೆಲ್ಲ ಒಳಗಿನಿಂದ ಮೊದಲು ಬರುತ್ತಿದ್ದ ಕೂಗು ‘ಬಿಸಿನೀರು ತರ್ರಿ’ ಎಂದೇ. ಅದು ಹೆರಿಗೆಯ ಪದ್ಧತಿ ಎಂದುಕೊಂಡಿದ್ದ ಮಿಸ್ತ್ರಿ ಹೊರಗೆ ಕಟ್ಟೆಯ ಮೇಲೆ ಗಂಡಸರ ಜೊತೆ ಚಹಾ ಕುಡಿಯುತ್ತ, ಎಷ್ಟು ಬೇಗ ಮುಟ್ಟಿಸಿದೆ ಎಂದು ಬೀಗುತ್ತಿದ್ದರು. ಇದನ್ನೆಲ್ಲ ನನಗೆ ಹೇಳಿದವರು ಮಿಸ್ತ್ರಿಯೇ. ಎರಡು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ನಾಗವ್ವನನ್ನೇ ಕೇಳಿದೆ.

“ಅಂವ ಅದನ್ನ ಭಾಳ ಪ್ರೀತೀಲೆ ಕಟ್ಟಿದ್ದನ್ರಿ” ಎಂದಳು, ಅಷ್ಟೇ.

ಮುಂದಿನ ಕರೆಗೆ ಇಬ್ಬರೂ ಹಸಿರಿನ ಮೇಲೆ ಹೋದರು. ಸೀಟು ತಗ್ಗು, ಕಾಲಿಡಲು ಮಿಸ್ತ್ರಿ ಹಲಗೆಯನ್ನೂ ಬಡಿದಿದ್ದರು. ನಾಗವ್ವ ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ತಡವಾಗಿ ಮುಟ್ಟಿದರು, ಆದರೆ ಇಳಿದವಳೇ ನೆಟ್ಟಗೆ ಒಳಗೆ ಹೋಗಿ ಹೆರಿಗೆಗೆ ಕೈ ಹಾಕಿದಳು.

ಕೆಂಪನ್ನು ಕೊಂಡವರು ಇವತ್ತು ಒಯ್ಯುತ್ತಾರೆ. ನನಗಂತೂ ಹೊಟ್ಟೆ ಉರಿಯುತ್ತದೆ, ಅಂಥ ಗಾಡಿ ಅದು. ಬೇಜಾರಿಲ್ಲವೇ ಎಂದರೆ ಮಿಸ್ತ್ರಿ ಇಲ್ಲವೆನ್ನುವುದಿಲ್ಲ. ಮಾರ್ಕೆಟ್ಟಿನಿಂದ ಬಂದು ಬುಟ್ಟಿ ಬಿಚ್ಚಿ, ಅಕ್ಕನ ಹಲಗೆಯ ಮೇಲಿನ ಮಣ್ಣನ್ನು ಕೈಯಿಂದಲೇ ಒರೆಸುತ್ತಾರೆ.

“ಈಗ ಕಟ್ಟಿ ಮ್ಯಾಲ ಕುಂತು ಕಿವಿಗೊಟ್ಟು ಕೇಳ್ತೇನ್ರಿ. ಹೋದ ಕೂಡ್ಲೆ ಅಕ್ಕ ಬಿಸಿನೀರು ಬೇಡಲಿಲ್ಲ ಅಂದ್ರ, ಇವತ್ತ ಗಾಡಿ ಚಲೋ ಹೊಡದೇನಿ ಅಂತ ತಿಳೀತೇನಿ.”